ಅಕ್ಕೋರು ಕೂರದ ಕುರ್ಚಿ

ಮೊನ್ನೆ ಮನೆಯ ಹಳೆಯ ಕುರ್ಚಿಗೆ ವಾರ್ನಿಷ್ ಹಚ್ಚಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಬಾದಿನ ನಮ್ಮ ಹೆಣ್ಣುಮಕ್ಕಳ ಶಾಲೆ, ಅದರ ತಣ್ಣನೆಯ ಫರಸಿ ಕಲ್ಲಿನ ನೆಲ, ಅಲ್ಲಿನ ಅಕ್ಕೋರು ನೆನಪಾದರು...

ಅಕ್ಕೋರು ನಮ್ಮ ಪಕ್ಕದ ಮನೆಯವರು. ಒಂದನೇ ತರಗತಿಯಲ್ಲಿ ನನಗೆ ಕಲಿಸಿದವರು. ಅವರ ಗಂಡನೂ ಅದೇ ಶಾಲೆಯಲ್ಲಿ ಮಾಸ್ತರು. ಮೈಸೂರು ರಾಜ್ಯ ಇನ್ನೂ ಕರ್ನಾಟಕವಾಗಿರಲಿಲ್ಲ. ಮದುವೆಗೆ ಮೊದಲೇ ನೌಕರಿಗೆ ಸೇರಿದ್ದ ಅಕ್ಕೋರು ಸೇವೆಯಲ್ಲಿ ಗಂಡನಿಗಿಂತ ಹಿರಿಯರು. ಹಾಗಾಗಿ ಹಳೆಯ ಹೆಡ್‌ಮಾಸ್ತರರು ನಿವೃತ್ತರಾದಾಗ ಆ ಜಾಗ ಇವರಿಗೇ ಬಂತು. ಹೆಡ್‌ಮಾಸ್ತರರ ಕುರ್ಚಿಗೆ ಹೊಸ ವಾರ್ನಿಷ್ ಬಳಿದರು. ಏಳನೇ ತರಗತಿಯಲ್ಲಿದ್ದ ನಾನು ಓಣಿ ತುಂಬ ಬೀಗುತ್ತ ತಿರುಗಿದೆ.

ಬೆಳಿಗ್ಗೆ ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕೂತಿರಬೇಕು, ಉಳಿದವರು ಎದುರು ನಿಂತು ನಮಸ್ಕರಿಸಿ ಹಾಜರಿಗೆ ಸಹಿ ಹಾಕಬೇಕು. ಇದು ನಮ್ಮ ಶಾಲೆಯ ರೂಢಿ. ಮೊದಲ ದಿನ ಮಾಸ್ತರೂ ಹಾಗೇ ಮಾಡಿದರು. ಮರುದಿನ ಅಕ್ಕೋರು ಕುರ್ಚಿ ಬಿಟ್ಟು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಎಲ್ಲರೂ ಖಾಲಿ ಕುರ್ಚಿಗೆ ನಮಸ್ಕಾರ ಮಾಡಿ ಬಂದರು.

ಯಾಕೆಂದು ಅವ್ವ ಕೇಳಿಯೇಬಿಟ್ಟಳು. ನಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಕ್ಕೋರು ತಲೆ ಎತ್ತಲಿಲ್ಲ.

"ನಾ ಕುರ್ಚಿಮ್ಯಾಗ ಕುಂತ್ರ ಅವ್ರು ಮನ್ಯಾಗ ಉಣ್ಣಂಗಿಲ್ರಿ."

"ಹಸದ್ರ ತಾವೇ ಉಣ್ತಾರ. ನೀವು ಕುಂದ್ರಿ," ಅಂದಳು ಅವ್ವ.

ಅಕ್ಕೋರು ಸುಮ್ಮನೆ ನಕ್ಕರು. ಸ್ಟೂಲೂ ಸಾಲಲಿಲ್ಲ; ಮಾಸ್ತರು ಮತ್ತೆ ಊಟದ ತಾಟು ಬಿಟ್ಟು ಏಳತೊಡಗಿದರು. ಗುಂಡಗುರ್ತಿಯಿಂದ ಅಕ್ಕೋರ ಅತ್ತೆ ಬಂದು, ಹೆಂಡತಿ ಕೈಕೆಳಗೆ ಗಂಡ ದುಡಿದರೆ ಮಂದಿ ಏನಂದಾರು ಎಂದು ವಾರಗಟ್ಟಲೆ ಕೂತು ಬುದ್ಧಿ ಹೇಳಿದಳು. ಮಾಸ್ತರು ಪಕ್ಕದ ವಾಡಿ ಊರಿನ ಶಾಲೆಗೆ ವರ್ಗ ಕೇಳಬಹುದಿತ್ತು. ರೈಲಿದೆ, ದಿನಾ ಹೋಗಿ ಬರಬಹುದಿತ್ತು. ಆ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಅಕ್ಕೋರು ಆ ಹುದ್ದೆ ತಮಗೆ ಬೇಡವೆಂದು ಬರೆದುಕೊಟ್ಟರು. ಅವರ ನಂತರದ ಹಿರಿಯರು ಮಾಸ್ತರೇ. ಕುರ್ಚಿ ಅವರಿಗೆ ಬಂತು. ಮರುದಿನ ಬೆಳಿಗ್ಗೆ ಅಕ್ಕೋರು ಸೆರಗು ಸರಿಮಾಡಿಕೊಂಡು ಗಂಡನೆದುರು ನಿಂತು, ನಮಸ್ಕರಿಸಿ, ಸಹಿ ಹಾಕಿದರು. ಆ ಸಂಜೆ ಕಟ್ಟೆಗೆ ಬಂದು ಅವ್ವನಿಗೆ ಒಂದೇ ಮಾತು ಹೇಳಿದರು.

"ಈಗ ಹೊಟ್ಟಿ ತುಂಬ ಉಣ್ಣಾಕತ್ತಾರ್ರಿ."

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು...

ನನ್ನ ಕುರ್ಚಿಯ ವಾರ್ನಿಷ್ ಇನ್ನೂ ಹಸಿ ಇದೆ, ಕೂರುವಂತಿಲ್ಲ. ಹೋದ ತಿಂಗಳು ಶಹಾಬಾದಿಗೆ ಹೋದಾಗ ಓಣಿಯ ದೀಪದ ಕಂಬಕ್ಕೆ ಶ್ರದ್ಧಾಂಜಲಿಯ ಫಲಕ ಕಟ್ಟಿದ್ದರು. ಅಕ್ಕೋರ ಫೋಟೋ. ಕೆಳಗೆ, 'ನಿವೃತ್ತ ಮುಖ್ಯಗುರುಗಳ ಧರ್ಮಪತ್ನಿ' ಎಂದಷ್ಟೇ. ಅವರು ಒಂದು ದಿನವಾದರೂ ಶಾಲೆಯಲ್ಲಿ ಕಲಿಸಿದ್ದರೆಂದು ಅದರಲ್ಲೆಲ್ಲೂ ಇರಲಿಲ್ಲ. ಅದನ್ನು ಓದಲು ನನಗೆ ಅಕ್ಷರ ಕಲಿಸಿದವರೇ ಅವರು.