ಓರೆಗೆರೆ ಎಳೆದ ಸಾಲು

ತ್ರಿವೇಣಿ ಹದಿನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ದುಡಿದವಳು. ಅವಳ ಅಪ್ಪ ಹೊಳಬಸಪ್ಪ ಬೈಲಹೊಂಗಲದ ಕಡೆಯಿಂದ ಬಂದು ಪುಣೆ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆ ಸೇರಿದ್ದ. ಮಗಳು ಡಿಪ್ಲೊಮಾ ಮುಗಿಸಿ ಪುಣೆಯ ಒಂದು ಮರಾಠಿ ಪ್ರೋಗ್ರಾಮಿಂಗ್ ಮಾಸಪತ್ರಿಕೆ ಸೇರಿದಳು. ಲೇಖನದ ಜೊತೆಗಿನ ಮಾದರಿ ಕೋಡನ್ನು ಓಡಿಸಿ ನೋಡುವುದು, ಜಿಪ್ ಫೈಲು ಕಟ್ಟುವುದು, ಓದುಗರು ಇಳಿಸಿಕೊಳ್ಳಲು ಪತ್ರಿಕೆಯ ಜಾಲತಾಣಕ್ಕೆ ಏರಿಸುವುದು ಅವಳ ಕೆಲಸ. ಪ್ರತಿ ಫೈಲಿನ ತಲೆಯಲ್ಲಿ ‘ಪರಿಶೀಲನೆ: ತ್ರಿವೇಣಿ’ ಎಂದಿರುತ್ತಿತ್ತು. ಅಷ್ಟು ಹೆಸರಿಗೇ ಅವಳು ಖುಷಿಪಡುತ್ತಿದ್ದಳು.

ಆ ತಿಂಗಳ ಲೇಖನ ಸಂಪಾದಕ ರಾಜೀವನದು, ಅವನೂ ಕನ್ನಡದ ಕಡೆಯವನೇ. ಕಾಗದ ಕತ್ತರಿಸುವ ಹಳೆಯ ಯಂತ್ರಕ್ಕೆ ಸಣ್ಣ ಸರ್ಕ್ಯೂಟ್ ಬೋರ್ಡು ಜೋಡಿಸಿ, ಬ್ಲೇಡು ತಾನಾಗಿ ಇಳಿಯುವಂತೆ ಮಾಡುವ ಬಗೆ. ಕೈ ಅಡ್ಡ ಬಂದರೆ ಬ್ಲೇಡು ತಡೆಯುವ ಸೆನ್ಸರೂ ಅದರಲ್ಲಿತ್ತು. ಆದರೆ ಆಫೀಸಿನ ಮೇಜಿನ ಮೇಲೆ ಸೆನ್ಸರ್ ಇರಲಿಲ್ಲ, ಅದಿಲ್ಲದೆ ಕೋಡ್ ಓಡುತ್ತಿರಲಿಲ್ಲ. ರಾಜೀವ ಸೆನ್ಸರನ್ನು ಕೇಳುವ ಸಾಲಿನ ಮುಂದೆ ಎರಡು ಓರೆಗೆರೆ ಎಳೆದ. ಓರೆಗೆರೆ ಬಿದ್ದ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಟಿಬಿಡುತ್ತದೆ.

“ಸರ್, ಈ ಸಾಲು ಬಂದ್ ಅದರಿ. ಹಿಂಗs ಏರಸ್ಲಿ?”

“ಮಾದರಿ ಅಷ್ಟs ಅದು, ತ್ರಿವೇಣಿ. ಓದವ್ರು ತಮ್ಮ ತಲಿ ಓಡಸ್ತಾರ. ಏರಿಸಿಬಿಡು.”

ಅವಳು ಏರಿಸಿದಳು.

ಹತ್ತೊಂಬತ್ತನೆಯ ದಿನ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಕಬ್ಬಿಣದ ಸರಳು ಹಿಡಿದ ಒಬ್ಬ ಮನುಷ್ಯ ಒಳಗೆ ನುಗ್ಗಿದ. ಅಂಗಿಯ ಎದೆಯ ತುಂಬ ಒಣಗಿ ಕಪ್ಪಾದ ರಕ್ತ. ಮೊದಲ ಏಟಿಗೆ ಗಾಜಿನ ಬಾಗಿಲು ಚೂರಾಯಿತು. ಎರಡನೆಯದಕ್ಕೆ ರಾಜೀವನ ಕಿವಿಯ ಮೇಲಿನ ಚರ್ಮ ಸೀಳಿತು. ರಾಜೀವ ಮೇಜಿನಡಿ ತೂರಿದ. ಸರಳು ಮೇಜಿನ ಮೇಲಿದ್ದ ಮಾನಿಟರುಗಳನ್ನು ಒಂದೊಂದಾಗಿ ಒಡೆಯುತ್ತ ಬಂತು.

“ತ್ರಿವೇಣಿ ಕೋಣ್ ಆಹೆ?” ಫೈಲಿನ ತಲೆಯಲ್ಲಿ ಓದಿದ ಹೆಸರು ಹಿಡಿದು, ಯಾರವಳು ಎಂದು ಅವನು ಮರಾಠಿಯಲ್ಲಿ ಕೂಗಿದ. ಅವಳೇ ಎದ್ದು ನಿಂತಳು.

ತಲೆಗೆ ಬಂದ ಏಟನ್ನು ಅವಳು ಎಡಗೈ ಅಡ್ಡ ಹಿಡಿದು ತಡೆದಳು. ಮಣಿಕಟ್ಟಿನ ಎಲುಬು ಮುರಿದ ಸದ್ದು ಅವಳಿಗೇ ಕೇಳಿಸಿತು. “ಯವ್ವಾ” ಎಂದು ಕುಸಿದಳು.

ಮತ್ತೆ ಎತ್ತಿದ್ದ ಸರಳು ಹಾಗೇ ನಿಂತಿತು. “ನನ್ನ ಹೇಣ್ತೀನೂ ಹಿಂಗs ಒದರಿದ್ಳು,” ಎಂದ ಅವನು, ಈಗ ಕನ್ನಡದಲ್ಲಿ. “ನಾಲ್ಕು ಬೆರಳ್ರಿ. ಕಾಗದದ ಜೋಡಿ ನಾಲ್ಕು ಬೆರಳ ಕತ್ತರಿಸಿ ಬಿದ್ದಾವು. ನಾನs ಆರಿಸಿಕೊಂಡು ಹೋದೆ. ಡಾಕ್ಟರ್ ಹಚ್ಚಾಕ ಬರೂದಿಲ್ಲ ಅಂದ್ರು.” ಸರಳು ಕೈಯಿಂದ ಜಾರಿತು. ಅವನು ಗಾಜಿನ ಚೂರುಗಳ ಮೇಲೇ ಕೂತು ಅಳತೊಡಗಿದ.

ಅವನು ಮಾಂತು, ಪುಣೆಯ ಕೊಂಢವಾ ಬಡಾವಣೆಯಲ್ಲಿ ಬುಕ್ ಬೈಂಡಿಂಗ್ ಅಂಗಡಿ ಇಟ್ಟವನು. ಪತ್ರಿಕೆ ಓದಿ, ಕೋಡ್ ಇಳಿಸಿಕೊಂಡು, ಇದ್ದ ಹಾಗೇ ಬೋರ್ಡಿಗೆ ತುಂಬಿದ್ದ. ಸೆನ್ಸರನ್ನು ಸರಿಯಾಗಿಯೇ ಜೋಡಿಸಿದ್ದ, ಅದರ ಕೆಂಪು ದೀಪವೂ ಉರಿಯುತ್ತಿತ್ತು. ಅದನ್ನು ನಂಬಿ ಅವನ ಹೆಂಡತಿ ನೀತಾ ಸಿಕ್ಕಿಬಿದ್ದ ಹಾಳೆ ಸರಿಪಡಿಸಲು ಕೈ ಹಾಕಿದ್ದಳು. ಕೋಡ್ ಸೆನ್ಸರನ್ನು ಕೇಳಲೇ ಇಲ್ಲ, ಬ್ಲೇಡು ಇಳಿದಿತ್ತು.

ಪೊಲೀಸರು ಮಾಂತುವನ್ನು ಎಳೆದುಕೊಂಡು ಹೋದರು. ರಾಜೀವ ಕಿವಿಗೆ ಬಟ್ಟೆ ಒತ್ತಿಕೊಂಡೇ ತ್ರಿವೇಣಿಯ ಹತ್ತಿರ ಬಗ್ಗಿದ. “ಆ ಸಾಲಿನ ಸುದ್ದಿ ಎತ್ತಬ್ಯಾಡ. ಹುಚ್ಚ ಬಂದು ಹೊಡದ ಅಂತ ಬರಸು.”

ಠಾಣೆಯಲ್ಲಿ ಅವಳು ಎರಡನ್ನೂ ಬರೆಸಿದಳು, ಮಾಂತು ಹೊಡೆದದ್ದನ್ನೂ, ತನಗೆ ಗೊತ್ತಿದ್ದೂ ಆ ಫೈಲು ಏರಿಸಿದ್ದನ್ನೂ. ರಾಜೀವ ಅವಳನ್ನು ಕೆಲಸದಿಂದ ತೆಗೆದ. ಆಫೀಸಿನಿಂದ ಹೊರಡುವ ಮೊದಲು ಅವಳು ಆ ಕೋಡನ್ನು ಜಾಲತಾಣದಿಂದ ಅಳಿಸಿದಳು. ಅದನ್ನು ಇಳಿಸಿಕೊಂಡ ಇನ್ನೂರ ಎಂಟು ಜನ ಜಾಲತಾಣದಲ್ಲಿ ಕೊಟ್ಟಿದ್ದ ಫೋನ್ ನಂಬರುಗಳನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಂಡಳು.

ಮರುದಿನ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ನೀತಾಳ ಬಲಗೈ ಬಟ್ಟೆಯ ಉಂಡೆಯಾಗಿತ್ತು.

“ಯಾರ್ರಿ ನೀವು?”

“ತ್ರಿವೇಣಿರಿ. ಆ ಕೋಡ್ ಏರಿಸಿದಾಕಿ.”

ನೀತಾ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಬಂತು. ತ್ರಿವೇಣಿ ಹಿಂದೆ ಸರಿಯಲಿಲ್ಲ. ನರ್ಸು ಓಡಿಬಂದು ಬಿಡಿಸಿದಳು.

“ಇನ್ನ ಎಷ್ಟ ಮಂದಿ ಕಡೆ ಅದ ಅದು?” ಎಂದು ನೀತಾ ಏದುಸಿರು ಬಿಡುತ್ತ ಕೇಳಿದಳು.

“ಇನ್ನೂರ ಏಳು.”

“ಇಲ್ಲಿ ಏನ್ ನೋಡಾಕ ನಿಂತೀರಿ? ಹೋಗ್ರಿ ಮತ್ತ.”

ಅಂದಿನಿಂದಲೇ ತ್ರಿವೇಣಿ ಫೋನ್ ಹಿಡಿದಳು. ಕೆಲವರು ಬೈದರು. ಕೆಲವರು ಕೋಡನ್ನು ತೆರೆದೇ ನೋಡಿರಲಿಲ್ಲ. ಒಬ್ಬ ಇಂಜಿನಿಯರು ತನಗೆ ಪಾಠ ಹೇಳಬೇಡ ಎಂದು ಫೋನ್ ಇಟ್ಟ. ಅವನಿಗೆ ಮೂರು ಸಲ ಮತ್ತೆ ಹಚ್ಚಿ, ಕೊನೆಗೆ ಅವನು ಆ ಸಾಲು ತೆರೆದು ಓದುವತನಕ ಬಿಡಲಿಲ್ಲ.

ಐದನೆಯ ದಿನ ಅವಳು ಫೋನ್ ಹಚ್ಚಿದ ಒಬ್ಬನ ಹಿಂದೆ ಯಂತ್ರದ ಗಡಗಡ ಸದ್ದು ಜೋರಾಗಿ ಕೇಳುತ್ತಿತ್ತು. ಅವಳು ಓರೆಗೆರೆಯ ವಿಷಯ ಹೇಳುತ್ತಿದ್ದಂತೆ ಅವನು “ಥಾಂಬಾ, ತಾಈ,” ತಾಳಿ ಅಕ್ಕಾ, ಎಂದು ತಡೆದ. ಓಡಿದ ಹೆಜ್ಜೆಗಳು, ಯಾರನ್ನೋ ಗದರಿಸಿದ ದನಿ, ಆಮೇಲೆ ಸ್ವಿಚ್ಚು ಆರಿಸಿದ ಸದ್ದು. ಗಡಗಡ ನಿಂತಿತು.

“ಮಗಳು ಕೂತಿದ್ದಳು ಯಂತ್ರಕ್ಕೆ,” ಎಂದ ಅವನು ಮರಳಿ ಬಂದು.

ತ್ರಿವೇಣಿ ಯಾವ ಸಾಲು, ಏನು ಅಳಿಸಬೇಕು ಎಂದು ನಿಧಾನವಾಗಿ ಹೇಳಿಕೊಟ್ಟಳು.