ಎರಡು ಗೆರೆಗಳ ಮನಸ್ತಾಪ

ಹೇಳಿಕೊಳ್ಳಲು ಸ್ವಲ್ಪ ನಾಚಿಕೆ, ಆದರೂ ಹೇಳಿಬಿಡುತ್ತೇನೆ. ಮದರಾಸಿನಲ್ಲಿ ನಾನು ಒಬ್ಬನೇ ಇದ್ದ ವರ್ಷಗಳಲ್ಲಿ ನನಗೆ ತೀರ ಆಪ್ತವಾಗಿದ್ದವು ಗ್ರಾಫ್ ಕಾಗದದ ಮೇಲಿನ ಎರಡು ಗೆರೆಗಳು. ಒಂದು ಕಪ್ಪು ಶಾಯಿಯದು, ಇನ್ನೊಂದು ಕೆಂಪು. ನನ್ನ ವಯಸ್ಸಿನವರು ಸಂಜೆ ಬೀಚಿಗೆ ಹೋಗುತ್ತಿದ್ದರು, ಸಂಗೀತ ಕಚೇರಿಗೆ ಹೋಗುತ್ತಿದ್ದರು, ಮದುವೆಯಾಗುತ್ತಿದ್ದರು. ನಾನು ರಾಯಪುರಂನ ಬಾಡಿಗೆ ಕೋಣೆಯಲ್ಲಿ ಕುಳಿತು, ಬಂದರಿನಲ್ಲಿ ಹಡಗು ಕೂಗಿದಾಗೊಮ್ಮೆ ತಲೆಯೆತ್ತಿ, ಮತ್ತೆ ಬಗ್ಗಿ ಚುಕ್ಕೆಗೆ ಚುಕ್ಕೆ ಸೇರಿಸುತ್ತಿದ್ದೆ.

ಐವತ್ತರ ದಶಕದ ಕೊನೆಯ ಮಾತು ಇದು. ಉಡುಪಿ ಕಡೆಯಿಂದ ಮದರಾಸಿಗೆ ಬಂದವರೆಲ್ಲ ಹೋಟೆಲು ಸೇರುತ್ತಿದ್ದರು. ನಾನೂ ಸೋದರಮಾವನ ಹೋಟೆಲಿಗೇ ಬಂದವನು. ಆದರೆ ಒಂದೇ ಕೈಯಲ್ಲಿ ನಾಲ್ಕು ಕಾಫಿ ಹಿಡಿಯುವ ವಿದ್ಯೆ ನನಗೆ ಒಲಿಯಲಿಲ್ಲ. ಮೂವರು ಗಿರಾಕಿಗಳ ಬಿಳಿ ಪಂಚೆ ಕೆಟ್ಟ ಮೇಲೆ ಮಾವ ನನ್ನನ್ನು ಜಾರ್ಜ್ ಟೌನಿನ ಒಬ್ಬ ಷೇರು ದಲ್ಲಾಳಿಯ ಆಫೀಸಿಗೆ ಗುಮಾಸ್ತನಾಗಿ ಸೇರಿಸಿ ಕೈತೊಳೆದುಕೊಂಡರು.

ಅಲ್ಲಿದ್ದಾಗಲೇ ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಹರಿದಿತ್ತು, ಕೆಲವು ಪುಟಗಳೂ ಬರೆದವನ ಹೆಸರೂ ಇರಲಿಲ್ಲ. ಷೇರಿನ ಬೆಲೆಯನ್ನು ಗೆರೆಯಾಗಿ ಬರೆದು ಅದರ ಮನಸ್ಸನ್ನು ಓದುವುದು ಹೇಗೆಂದು ಅದರಲ್ಲಿತ್ತು. ಕಪ್ಪು ಗೆರೆ ದಿನದಿನದ ಬೆಲೆ. ಇವತ್ತಿನ ಬೆಲೆಯಲ್ಲಿ ಹತ್ತು ದಿನದ ಹಿಂದಿನ ಬೆಲೆ ಕಳೆದರೆ ಏರಿಕೆಯ ಕಸುವು ಎಷ್ಟೆಂದು ಗೊತ್ತಾಗುತ್ತದೆ. ಅದು ಕೆಂಪು ಗೆರೆ. ಸಾಮಾನ್ಯವಾಗಿ ಎರಡೂ ಜೊತೆಯಲ್ಲೇ ಏರಿ ಜೊತೆಯಲ್ಲೇ ಇಳಿಯುತ್ತವೆ. ಒಮ್ಮೊಮ್ಮೆ ಮಾತ್ರ ಬೆಲೆ ಹೊಸ ಎತ್ತರ ಮುಟ್ಟುತ್ತದೆ, ಕಸುವು ತನ್ನ ಹಿಂದಿನ ಎತ್ತರಕ್ಕೂ ಬರುವುದಿಲ್ಲ. ಸೈಕಲ್ ರಿಕ್ಷಾ ಸೇತುವೆ ಹತ್ತುವುದನ್ನು ನೀವು ನೋಡಿರಬಹುದು. ರಿಕ್ಷಾ ಮೇಲಕ್ಕೇ ಹೋಗುತ್ತಿರುತ್ತದೆ, ತುಳಿಯುವವನ ಕಾಲು ಮಾತ್ರ ಸೋಲುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಎಚ್ಚರವಾಗಿರು ಎಂದಿತ್ತು ಪುಸ್ತಕ.

ನಮ್ಮ ಯಜಮಾನರಿಗೆ ಇದೆಲ್ಲ ತಮಾಷೆ. "ಎನ್ನ ಜೋಸಿಯರೇ, ಇನ್ನಿಕ್ಕಿ ಮಳೈ ವರುಮಾ?" ಎಂದು ಬೆಳಿಗ್ಗೆ ಬೆಳಿಗ್ಗೆಯೇ ಜೋಯಿಸರಲ್ಲಿ ಮಳೆ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ನನ್ನ ಗೆರೆಗಳನ್ನು ಗಂಭೀರವಾಗಿ ನೋಡಿದವರು ಒಬ್ಬರೇ, ರುಕ್ಮಿಣಿಬಾಯಿ.

ಅವರು ಟ್ರಿಪ್ಲಿಕೇನಿನವರು, ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವ ಮನೆತನದವರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾಗಿದ್ದರು. ತೀರಿಹೋದ ಗಂಡ ಬಿಟ್ಟುಹೋದದ್ದು ಒಂದು ಬಟ್ಟೆ ಗಿರಣಿಯ ಷೇರುಗಳನ್ನು ಮಾತ್ರ. ಅದರ ಬೆಲೆ ಕೇಳಲು ಪ್ರತಿ ಶನಿವಾರ ಹನ್ನೊಂದಕ್ಕೆ ಆಫೀಸಿಗೆ ಬರುತ್ತಿದ್ದರು. ಬೆಲೆ ಪೇಪರಿನಲ್ಲೇ ಬರುತ್ತಿರುವಾಗ ಅಷ್ಟು ದೂರದಿಂದ ಏಕೆ ಬರುತ್ತಾರೆಂದು ಯೋಚಿಸುವುದು ನನಗೆ ಆಗ ಹೊಳೆಯಲಿಲ್ಲ. ಅವರನ್ನು ನಾನು ಟೀಚರಮ್ಮ ಎನ್ನುತ್ತಿದ್ದೆ. ಮಾವನ ಹೋಟೆಲಿನವರದು ತುಳು, ಆಫೀಸಿನವರದು ತಮಿಳು; ವಾರದಲ್ಲಿ ನನ್ನ ಬಾಯಿಗೆ ಕನ್ನಡ ಬರುತ್ತಿದ್ದುದು ಆ ಅರ್ಧ ಗಂಟೆಯಲ್ಲಿ ಮಾತ್ರ.

"ನಿಮ್ಮ ಉಡುಪಿ ಕನ್ನಡ ಪುಸ್ತಕ ಓದಿದ ಹಾಗಿರುತ್ತಪ್ಪಾ," ಎಂದು ನಗುತ್ತಿದ್ದರು. ಅವರದೋ ಅರ್ಧ ತಮಿಳು.

ಒಂದು ಶನಿವಾರ ಅವರಿಗೆ ಗಿರಣಿಯ ಗ್ರಾಫ್ ಬಿಚ್ಚಿ ತೋರಿಸಿದೆ. ಕಪ್ಪು ಗೆರೆ ಹೊಸ ಎತ್ತರದಲ್ಲಿತ್ತು, ಕೆಂಪು ಗೆರೆ ಆಗಲೇ ತಲೆ ತಗ್ಗಿಸಿತ್ತು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಂದ್ರೆ ಎರಡಕ್ಕೂ ಮನಸ್ತಾಪ ಅನ್ನು."

ಇಂಗ್ಲಿಷ್ ಪುಸ್ತಕ ಎರಡು ಪುಟಗಳಲ್ಲಿ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. "ಹೌದು ಟೀಚರಮ್ಮ, ಈಗ ಮಾರುವುದು ಒಳ್ಳೆಯದು," ಎಂದೆ. ಯಾರೂ ಕೇಳದ ಜೋಯಿಸನಿಗೆ ಒಬ್ಬರು ಕಿವಿಗೊಟ್ಟರೆ ಎಷ್ಟು ಧೈರ್ಯ ಬರುತ್ತದೆ ನೋಡಿ! ಅವರು ಮುಂದಿನ ವಾರವೇ ಬಂದು, ವರ್ಗಾವಣೆ ಕಾಗದಗಳಿಗೆಲ್ಲ ದುಂಡಗೆ ಸಹಿ ಮಾಡಿ ಮಾರಿಬಿಟ್ಟರು.

ಮಾರಿದ ಮರುವಾರದಿಂದಲೇ ಗಿರಣಿಯ ಬೆಲೆ ಇನ್ನಷ್ಟು ಏರತೊಡಗಿತು.

ಆ ಹರಿದ ಪುಸ್ತಕದಲ್ಲಿ ಕಾಣೆಯಾಗಿದ್ದ ಪುಟಗಳಲ್ಲಿ ಇದೇ ಇತ್ತೋ ಏನೋ: ಗೆರೆಗಳು ಮುನಿಸಿಕೊಂಡಿವೆ ಎಂದು ಗೊತ್ತಾಗಬಹುದು, ಆ ಮುನಿಸು ಯಾವಾಗ ಹೊರಬೀಳುತ್ತದೆಂದು ಗೊತ್ತಾಗುವುದಿಲ್ಲ. ನಾಲ್ಕು ತಿಂಗಳು ಬೆಲೆ ಏರಿತು. ಯಜಮಾನರು ಮಳೆಯ ವಿಚಾರವನ್ನೂ ಬಿಟ್ಟರು, ಅದು ಇನ್ನೂ ಅವಮಾನ. ರುಕ್ಮಿಣಿಬಾಯಿಯವರಂತೂ ಬರುವುದನ್ನೇ ನಿಲ್ಲಿಸಿದರು. ಶನಿವಾರ ಹನ್ನೊಂದಾದರೆ ನನ್ನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಕೋಪ ಬಂದಿದೆ, ಬರಬೇಕಾದದ್ದೇ, ಎಂದುಕೊಂಡೆ. ಒಮ್ಮೆ ಪ್ಯಾರೀಸ್ ಕಾರ್ನರಿನಲ್ಲಿ ಅವರು ಹಿಡಿಯುವಂಥದೇ ಕೊಡೆ ಕಂಡು, ಏನೂ ಬೇಡದಿದ್ದರೂ ಪಾತ್ರೆ ಅಂಗಡಿಯೊಳಗೆ ನುಗ್ಗಿ, ಸಂಕೋಚಕ್ಕೆ ಒಂದು ಇಕ್ಕಳ ಕೊಂಡು ಬಂದೆ. ವಾರಗಟ್ಟಲೆ ಕನ್ನಡ ಆಡದೆ ನನ್ನ ಧ್ವನಿ ನನಗೇ ಬೇರೆಯವರದೆಂಬಂತೆ ಕೇಳತೊಡಗಿತು.

ಐದನೆಯ ತಿಂಗಳು ಬೆಲೆ ಬಿತ್ತು. ನಿಧಾನವಾಗಿಯಲ್ಲ, ಮೆಟ್ಟಿಲು ತಪ್ಪಿದವನ ಹಾಗೆ. ಅವರು ಮಾರಿದ ಬೆಲೆಗಿಂತ ಎಷ್ಟೋ ಕೆಳಕ್ಕೆ ಹೋಯಿತು. ಆ ಭಾನುವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿ, ಗ್ರಾಫ್ ಸುರುಳಿ ಸುತ್ತಿ ಟ್ರಿಪ್ಲಿಕೇನಿನ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಅವರೇ. ಸ್ವಲ್ಪ ಇಳಿದುಹೋಗಿದ್ದರು. ಒಳಗೆ ತಮ್ಮನ ಮೊಮ್ಮಕ್ಕಳು ತಮಿಳಿನಲ್ಲಿ ಜಗಳವಾಡುತ್ತಿದ್ದರು. "ಬಾಯಿ ಮುಚ್ಚಿ ಕೂತ್ಕೊಳ್ರೋ," ಎಂದು ಇವರು ಗದರಿದರೆ ಉತ್ತರವೂ ತಮಿಳಿನಲ್ಲೇ ಬಂತು. ನಾನು ಬಾಗಿಲ ಪಕ್ಕದ ಜಗಲಿಯ ಮೇಲೆಯೇ ಗ್ರಾಫ್ ಹರಡಿದೆ.

"ನೋಡಿ ಟೀಚರಮ್ಮ, ಕೊನೆಗೂ ಬಿತ್ತು!"

ಅವರು ಬೆರಳಿನಿಂದ ಕಪ್ಪು ಗೆರೆಯನ್ನು ಕೆಳಗಿನವರೆಗೆ ಸವರಿದರು. "ಅಯ್ಯೋ. ನನ್ನ ಷೇರು ಕೊಂಡವನು ಯಾರೋ, ಪಾಪ."

ಬಸ್ಸಿನುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ವಿಜಯಯಾತ್ರೆ ಅಲ್ಲಿಗೆ ಮುಗಿಯಿತು. ಆ ಕೊಂಡವನೊಬ್ಬ ಇದ್ದಾನೆಂಬುದೇ ನನ್ನ ತಲೆಗೆ ಬಂದಿರಲಿಲ್ಲ. ಗ್ರಾಫನ್ನು ಮತ್ತೆ ಸುರುಳಿ ಸುತ್ತಿದೆ. ಆಮೇಲೆ ತಡೆಯಲಾರದೆ ಕೇಳಿದೆ: "ನಿಮಗೆ ನನ್ನ ಮೇಲೆ ಕೋಪವಿರಲಿಲ್ಲವೇ? ಮತ್ತೆ ಬರಲೇ ಇಲ್ಲವಲ್ಲ?"

"ಕೋಪ ಯಾಕಪ್ಪಾ? ಲೆಕ್ಕ ಸರಿಯಾಗಿತ್ತು, ನಾನೂ ನೋಡಿದೆನಲ್ಲ." ಅವರು ಸೆರಗಿನಿಂದ ಕನ್ನಡಕ ಒರೆಸಿದರು. "ಷೇರು ಮಾರಿಯಾಯಿತು. ಇನ್ನು ಏನು ಅಂತ ಹೇಳ್ಕೊಂಡು ಅಲ್ಲಿಗೆ ಬರೋದು?"

ಐದು ತಿಂಗಳು ನಾನು ಬಾಗಿಲು ನೋಡುತ್ತಿದ್ದೆ. ಇವರು ಇಲ್ಲಿ ನೆಪವಿಲ್ಲದೆ ಕುಳಿತಿದ್ದರು. ಗೆರೆಯ ಮನಸ್ಸು ಓದುತ್ತೇನೆಂದು ಬೀಗುತ್ತಿದ್ದವನು ಒಂದು ಖಾಲಿ ಕುರ್ಚಿಯನ್ನು ಓದಿದ್ದು ಹೀಗೆ.

"ಸುಮ್ಮನೆ ಬನ್ನಿ," ಎಂದೆ.

"ಸುಮ್ಮನೆ ಬರೋದಕ್ಕೆ ನನಗೆ ಬರಲ್ಲಪ್ಪಾ. ಗಂಟೆ ಹೊಡೆದ್ರೆ ಕ್ಲಾಸಿಗೆ ಹೋಗಿ ಅಭ್ಯಾಸ." ಒಳಗೆ ಹೋಗಿ ಕಾಫಿ ತಂದುಕೊಟ್ಟು, ತುಸು ಯೋಚಿಸಿ ಹೇಳಿದರು: "ಒಂದು ಕೆಲಸ ಮಾಡು. ಇನ್ನೊಂದು ಕಂಪನಿ ಷೇರು ಸ್ವಲ್ಪ ಕೊಡಿಸು. ಬೇಗ ಏರೋದೂ ಬೇಡ, ಬೇಗ ಇಳಿಯೋದೂ ಬೇಡ. ಮೆಲ್ಲಗೆ ನಡೆಯೋದು ಯಾವುದಾದರೂ ಇದೆಯಾ?"

ಇತ್ತು. ದಲ್ಲಾಳಿಗಳು ಹೆಸರೆತ್ತಿದರೆ ಆಕಳಿಸುವಂಥ ಒಂದು ಚಹಾ ಕಂಪನಿ. ಮುಂದಿನ ಶನಿವಾರ ಹನ್ನೊಂದಕ್ಕೆ ಅವರು ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಹೇಳಿಕೊಳ್ಳುವಂಥ ಲಾಭ ಆ ಷೇರಿನಿಂದ ಅವರಿಗೆ ಎಂದೂ ಬರಲಿಲ್ಲ, ನಷ್ಟವೂ ಇಲ್ಲ. ಅದರ ಎರಡು ಗೆರೆಗಳೂ ಜಗಳಕ್ಕೆ ಉತ್ಸಾಹವಿಲ್ಲದ ಮುದುಕರ ಹಾಗೆ ಅಕ್ಕಪಕ್ಕ ನಡೆದವು. ಆದರೂ ಬೆಲೆ ಎಷ್ಟಾಯಿತೆಂದು ವಿಚಾರಿಸಲು ಅವರು ಆರು ವರ್ಷ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.