ಹೆಸರು ಕೀಳುವ ತಿಂಗಳು

ಲಾರಿಗಳು ಹಿಂದಕ್ಕೆ ಸರಿಯುವಾಗ ಕೂಗುವ ಬೀಪ್ ಬೀಪ್ ಸದ್ದಿಗೇ ಟಕ್ವಿಲಾದ ಆ ಬೀದಿಗೆ ಬೆಳಗಾಗುತ್ತದೆ. ಗೋದಾಮುಗಳ ಬೆನ್ನಿಗೆ ಅಂಟಿಕೊಂಡಂತೆ ಎರಡು ಸಾಲು ಮನೆಗಳು. ಅದರಲ್ಲಿ ಹಸಿರು ಬಾಗಿಲಿನದು ಫ್ಲಾವಿಯಾ ಮಿನೇಜಸ್ ಅವರದು. ಮದುವೆಯಾಗಿ ಕಡಲು ದಾಟಿ ಬಂದ ಹೊಸತರಲ್ಲಿ ಆ ಸದ್ದು ಅವರಿಗೆ ಯಾವುದೋ ದೊಡ್ಡ ಹಕ್ಕಿಯ ಮರಿ ತಾಯಿಯನ್ನು ಕರೆದಂತೆ ಕೇಳುತ್ತಿತ್ತಂತೆ. ಈಗ ಕೇಳಿಸುವುದೇ ಇಲ್ಲ. ಲಾರಿ ಬಾರದ ಭಾನುವಾರ ಮಾತ್ರ, ಏನೋ ಇಲ್ಲವಲ್ಲ ಎಂದು ಎಚ್ಚರವಾಗುತ್ತದೆ.

ಅವರು ಹುಟ್ಟಿದ್ದು ಉಡುಪಿ ಹತ್ತಿರದ ಮೂಡುಬೆಳ್ಳೆಯಲ್ಲಿ. ಅಲ್ಲಿಯ ಸಿಸ್ಟರುಗಳ ಹೊಲಿಗೆ ತರಗತಿಯಲ್ಲಿ ಕಾಜಾ ಹಾಕುವುದನ್ನು ಕಲಿತರು. ಗಂಡ ಲಾಯ್ಡ್, ಪಕ್ಕದೂರು ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆ ಜೋಡಿಸುತ್ತಾರೆ. ಮಗಳು ಮೆಲಿಸ್ಸಾ ಮದುವೆಯಾಗಿ ಸ್ನೊಕ್ವಾಲ್ಮಿಯ ಗುಡ್ಡದ ಮೇಲಿದ್ದಾಳೆ. ಬಹಳ ವರ್ಷ ಮಾಲ್‌ನಲ್ಲಿ ಬೇರೆಯವರ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದ ಫ್ಲಾವಿಯಾ, ಐವತ್ತು ದಾಟಿದ ಮೇಲೆ ಶಿವಕುಮಾರರ ಜೆರ್ಸಿ ಅಂಗಡಿಗೆ ಸೇರಿದರು. ಜೆರ್ಸಿಯ ಬೆನ್ನಿನ ಮೇಲೆ ಆಟಗಾರನ ಹೆಸರಿನ ಅಕ್ಷರಗಳನ್ನಿಟ್ಟು, ಕಾದ ಪ್ರೆಸ್ಸಿನಡಿ ಒತ್ತಿ ಅಂಟಿಸುವ ಕೆಲಸ. ಅಕ್ಷರ ಒಂದು ಕೂದಲೆಳೆಯಷ್ಟೂ ವಾಲದಂತೆ ಕೂತಾಗ ಅವರಿಗೆ ಆಗುತ್ತಿದ್ದ ಸಂತೋಷವನ್ನು ಅವರು ಯಾರಿಗೂ ಹೇಳಿದವರಲ್ಲ. ಸೋಮವಾರ ಬಂತೆಂದರೆ ಅವರ ನಡಿಗೆ ಚುರುಕಾಗುತ್ತಿತ್ತು, ಅಷ್ಟೆ.

ಶಿವಕುಮಾರ್ ಹಾಸನದ ಕಡೆಯವರು. ನಾರ್ತ್ ಕ್ರೀಕ್‌ನ ಆಫೀಸೊಂದರಲ್ಲಿ ಎಂಜಿನಿಯರಾಗಿದ್ದವರು ಫುಟ್‌ಬಾಲ್ ಹುಚ್ಚು ಹತ್ತಿ ಈ ಅಂಗಡಿ ತೆರೆದರು. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಇಲ್ಲಿಯ ಆಟ. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ತಂಡಕ್ಕೆ ಅವನೇ ತಲೆ, ಸಂಬಳವೂ ಅವನದೇ ದೊಡ್ಡದು. ಊರಿನ ಅರ್ಧ ಜನ ಅವನ ಹೆಸರನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾರೆ.

ಆಟ ಚಳಿಗಾಲದಲ್ಲೇ ಮುಗಿಯುತ್ತದೆ. ಮಾರ್ಚ್‌ನಲ್ಲಿ ಆಟಗಾರರ ವ್ಯಾಪಾರ ಶುರು. ಯಾರನ್ನು ಯಾವ ಊರಿಗೆ ಮಾರಿದರು, ಯಾರನ್ನು ಕೈಬಿಟ್ಟರು ಎಂದು ಅಂಗಡಿಯ ರೇಡಿಯೋದಲ್ಲಿ ಇಬ್ಬರು ಗಂಡಸರು ದಿನವಿಡೀ ಮಾತಾಡುತ್ತಾರೆ. ಅವನ ಮೊಣಕಾಲು ಸವೆದಿದೆ, ಇವನ ಭುಜದಲ್ಲಿ ಇನ್ನೆರಡು ವರ್ಷ ಉಳಿದಿದೆ ಎಂದು ಹೇಳುವಾಗ ಅವರ ದನಿ ದನದ ಸಂತೆಯಲ್ಲಿ ಹಲ್ಲು ಎಣಿಸುವವರ ದನಿಯಂತಿರುತ್ತದೆ. ಫ್ಲಾವಿಯಾ ಆ ತಿಂಗಳಿಗೆ ‘ಹೆಸರು ಕೀಳುವ ತಿಂಗಳು’ ಎಂದೇ ಹೆಸರಿಟ್ಟಿದ್ದರು.

ಈ ಸಲ ಮಾರಿದ್ದು ಕ್ವಾರ್ಟರ್‌ಬ್ಯಾಕ್‌ನನ್ನೇ. ಸುದ್ದಿ ಬಂದ ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಒಬ್ಬ ಬಿಳಿಗಡ್ಡದವನು ಜೆರ್ಸಿಯನ್ನು ಮುದ್ದೆ ಮಾಡಿ ಹಿಡಿದು ನಿಂತಿದ್ದ. ಹೆಸರು ಕಿತ್ತು ಕೊಡಬೇಕಂತೆ, ಈಗಲೇ. ಹಿಂದಿನ ಚಳಿಗಾಲದಲ್ಲಿ ಆ ಹೆಸರನ್ನು ಒತ್ತಿಸಿಕೊಂಡು ಅಲ್ಲಿಯೇ ತೊಟ್ಟು, ಕನ್ನಡಿ ಎದುರು ತಿರುಗಿ ತಿರುಗಿ ನೋಡಿಕೊಂಡಿದ್ದವನೂ ಅವನೇ. ಫ್ಲಾವಿಯಾ ಬಟ್ಟೆಯನ್ನು ಒಳಮಗ್ಗುಲಿಂದ ಕಾಯಿಸಿ, ಗೋಂದು ಕರಗಿಸುವ ದ್ರಾವಣ ಸುರಿದು, ಚಿಮಟದಲ್ಲಿ ಅಕ್ಷರಗಳನ್ನು ಒಂದೊಂದಾಗಿ ಎಬ್ಬಿಸಿದರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗಿಳಿಯಿತು. ಅಕ್ಷರ ಹೋದರೂ ಅದರ ನೆರಳು ಬಟ್ಟೆಯಲ್ಲಿ ಉಳಿಯಿತು. ಆ ಮನುಷ್ಯ ನೆರಳನ್ನು ನೋಡಿ ಮುಖ ಕಿವುಚಿದ.

“ದೇವರೇ, ಹೆಂಡತಿಯನ್ನು ಬಿಟ್ಟವನೂ ಇಷ್ಟು ಅವಸರ ಮಾಡ್ಲಿಕ್ಕಿಲ್ಲ” ಎಂದರು ಫ್ಲಾವಿಯಾ, ಅವನು ಹೋದ ಮೇಲೆ.

ಒಳಗಿನ ಮೇಜಿನಲ್ಲಿ ಬಟ್ಟೆ ಮಡಚುತ್ತಿದ್ದ ರಜನಿ ಬಾಯಿಗೆ ಸೆರಗಿನಂತೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ರಜನಿ ಅರಸೀಕೆರೆಯ ಹುಡುಗಿ, ಸೇರಿ ಒಂದು ವರ್ಷವಾಗಿತ್ತು. ಈಗ ಐದನೆಯ ತಿಂಗಳ ಬಸುರಿ. ಗಂಡನ ಕೆಲಸ ಜನವರಿಯಲ್ಲಿ ಹೋಗಿತ್ತು. ಡಾಕ್ಟರು, ಸ್ಕ್ಯಾನು, ಹೆರಿಗೆ ಎಲ್ಲವೂ ಈಗ ಈ ಅಂಗಡಿ ಕೊಡುವ ಇನ್ಶೂರೆನ್ಸಿನ ಮೇಲೆ ನಿಂತಿತ್ತು. ಆ ದ್ರಾವಣದ ಬಾಟಲಿಯನ್ನು ಫ್ಲಾವಿಯಾ ಅವಳ ಕಡೆ ಸುಳಿಯಗೊಡುತ್ತಿರಲಿಲ್ಲ.

ಶಿವಕುಮಾರ್ ಮಾತ್ರ ಆ ವಾರವೆಲ್ಲ ನಗಲಿಲ್ಲ. ಕ್ವಾರ್ಟರ್‌ಬ್ಯಾಕ್ ಇನ್ನೂ ನಾಲ್ಕು ವರ್ಷ ಇಲ್ಲೇ ಇರುತ್ತಾನೆಂದು ನಂಬಿ ಅವನ ಹೆಸರಿನ ಜೆರ್ಸಿಗಳನ್ನು ರಾಶಿ ರಾಶಿ ಮಾಡಿಸಿಟ್ಟಿದ್ದರು. ಪೆಟ್ಟಿಗೆಗಳು ಶೌಚಾಲಯದ ಬಾಗಿಲವರೆಗೂ ಬಂದಿದ್ದವು.

“ಯಾಕೆ ಮಾರಿದ್ದು ಅವನನ್ನು? ಚೆನ್ನಾಗಿ ಆಡ್ತಿದ್ದ ಅಲ್ವ?” ಎಂದು ಫ್ಲಾವಿಯಾ ಕೇಳಿದರು.

“ಆಟದ್ ವಿಷಯ ಅಲ್ಲ ಅಕ್ಕ, ಕ್ಯಾಪ್ ಪ್ರಾಬ್ಲಮ್ಮು. ಒಂದ್ ಟೀಮು ವರ್ಷಕ್ಕೆ ಸಂಬಳಕ್ಕೆ ಅಂತ ಇಷ್ಟೇ ಖರ್ಚು ಮಾಡ್ಬೇಕು ಅಂತ ಒಂದು ಮಿತಿ ಇದೆ. ಅದಕ್ಕೆ ಸ್ಯಾಲರಿ ಕ್ಯಾಪ್ ಅಂತಾರೆ.”

“ಸಂಬಳದ ಟೋಪಿಯಾ?”

“ಟೋಪಿ ಅಲ್ಲ ಅಕ್ಕ...”

“ಟೋಪಿಯೇ ಮಾರಾಯ್ರೆ. ಯಾರ ತಲೆಗೆ ಹಾಕಿದ್ದು ಅಂತ ಮಾತ್ರ ನೋಡ್ಬೇಕು.”

“ಅವನ್ನ ಕಳಿಸಿದ್ರೂ, ಮೊದಲೇ ಕೊಟ್ಟಿದ್ ದುಡ್ಡು ಇನ್ನೂ ಟೀಮಿನ ಲೆಕ್ಕದಲ್ಲೇ ಕೂತಿರತ್ತೆ. ಅದು ಡೆಡ್ ಮನಿ.”

“ಸತ್ತ ದುಡ್ಡಾ? ಹಾಗಾದ್ರೆ ಸತ್ತವರ ತಿಂಗಳ ಪೂಜೆ ಇಡಿಸ್ಲಿಕ್ಕೆ ಇಗರ್ಜಿಯಲ್ಲಿ ಹೇಳ್ತೇನೆ.”

ರಜನಿ ಮತ್ತೆ ನಕ್ಕಳು. ಶಿವಕುಮಾರ್ ಪೆಟ್ಟಿಗೆಗಳ ಕಡೆ ನೋಡುತ್ತ ನಿಂತರು. ರೇಡಿಯೋದವರು ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟ ಮೊತ್ತ ಹೇಳುತ್ತಿದ್ದರು. ಅವನಿಗೆ ಜಾಗ ಮಾಡಲು ಯಾವ ಯಾವ ಹಳಬರನ್ನು ಬಿಡಬೇಕಾಗುತ್ತದೆಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಿದ್ದರು. ಹೆಸರು ಹೇಳುವಾಗ ನಡುವೆ ಒಂದು ಪಿಜ್ಜಾ ಜಾಹೀರಾತೂ ಬಂತು.

ಗುರುವಾರ ಸಂಜೆ ಮಳೆ ಹನಿಯುತ್ತಿತ್ತು. ರಜನಿ ಒಳಗೆ ಕೈ ತೊಳೆಯಲು ಹೋದಾಗ ಶಿವಕುಮಾರ್ ಪ್ರೆಸ್ಸಿನ ಪಕ್ಕ ಬಂದು ನಿಂತರು. ಅಂಗಿಯ ಗುಂಡಿಯನ್ನು ತಿರುಗಿಸುತ್ತ, “ಫ್ಲಾವಿಯಕ್ಕ, ರಜನೀನ ಇವತ್ತು ಬಿಡಬೇಕು. ನೀವೇ ಬಿಟ್ಬಿಡ್ತೀರಾ? ನನ್ನ ಕೈಲಾಗಲ್ಲ” ಎಂದರು.

“ಅದಕ್ಕೆಂಥ? ಬಿಡ್ತೇನೆ.”

“ಬೇಜಾರಿಲ್ಲ ತಾನೆ?”

“ಬೇಜಾರು ಎಂಥದು! ಇಷ್ಟಕ್ಕೆ ಇಷ್ಟು ಕೇಳ್ತೀರಲ್ಲ.”

“ಮೆತ್ತಗೆ ಬಿಡಿ ಅಕ್ಕ. ಬಸುರಿ ಹೆಂಗಸು.”

“ಗೊತ್ತುಂಟು. ನಾನು ಯಾವತ್ತಾದ್ರೂ ಜೋರು ಬಿಟ್ಟದ್ದುಂಟಾ?”

ಶಿವಕುಮಾರರ ಕಣ್ಣು ತೇವವಾದಂತೆ ಕಂಡಿತು. “ನಿಮ್ಮ ಉಪಕಾರ ಮರೆಯಲ್ಲ” ಎಂದವರೇ ಕೊಡೆಯನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಕಾರಿನಲ್ಲಿ ಒಬ್ಬಳನ್ನು ಮನೆಗೆ ಮುಟ್ಟಿಸುವುದಕ್ಕೆ ಇಷ್ಟೊಂದು ಉಪಕಾರವೇ ಎಂದು ಫ್ಲಾವಿಯಾರಿಗೆ ಅನಿಸಿತು. ಒಳ್ಳೆಯ ಮನಸ್ಸು ಎಂದೂ ಅನಿಸಿತು.

ದಾರಿಯಲ್ಲಿ ರಸ್ತೆಯ ಉಬ್ಬುಗಳ ಮೇಲೆ ಕಾರನ್ನು ತೊಟ್ಟಿಲಿನಂತೆ ಇಳಿಸಿದರು. ರಜನಿ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಮುಂದಿನ ವಾರದ ಸ್ಕ್ಯಾನಿನ ಬಗ್ಗೆ ಹೇಳಿದಳು.

“ಮಗು ಕಾಲಾಡ್ಸುತ್ತೆ ಅಕ್ಕ, ಪ್ರೆಸ್ ಟಿಂಗ್ ಅಂದಾಗೆಲ್ಲ.”

“ನಾಳೆ ಹುಟ್ಟಿದ ಮೇಲೆ ನೇರ ಕೆಲಸಕ್ಕೆ ಬರ್ತದೆ ನೋಡು.”

“ಶಿವಣ್ಣ ಇವತ್ತು ನನ್ನ ಮುಖಾನೇ ನೋಡ್ಲಿಲ್ಲ. ಏನಾದ್ರೂ ತಪ್ಪು ಮಾಡಿದ್ನಾ ಅಂತ.”

“ಅವರಿಗೆ ಕ್ವಾರ್ಟರ್‌ಬ್ಯಾಕ್ ಹೋದ ಸೂತಕ. ಬಿಡು.”

ಅವಳ ಮನೆಯ ಬಾಗಿಲು ತೆರೆದು, ಗಂಡ ಡಬ್ಬಿ ತೆಗೆದುಕೊಳ್ಳುವವರೆಗೆ ಕಾದು ಫ್ಲಾವಿಯಾ ಕಾರು ತಿರುಗಿಸಿದರು. ಮನೆಯಲ್ಲಿ ಲಾಯ್ಡ್ ಟಿ.ವಿ. ಎದುರು ಕೂತು ಹೊಸ ಕ್ವಾರ್ಟರ್‌ಬ್ಯಾಕ್‌ನ ಹಳೆಯ ಆಟ ನೋಡುತ್ತಿದ್ದರು. “ಮೊನ್ನೆಯವರೆಗೆ ಇನ್ನೊಬ್ಬನಿಗೆ ಚಪ್ಪಾಳೆ ಹೊಡೀತಿದ್ರಲ್ಲ, ನಾಚಿಕೆ ಆಗುದಿಲ್ವ?” ಎಂದರೆ, “ಬಿಸಿನೆಸ್ ಫ್ಲಾವಿ, ಬಿಸಿನೆಸ್” ಎಂದರು. ಫ್ಲಾವಿಯಾ ಉಗುರಿನ ಸಂದಿಯ ಗೋಂದನ್ನು ಎಣ್ಣೆ ಹಚ್ಚಿ ಉಜ್ಜಿದರು. ಮೀನು ಸಾರು ಉಣ್ಣುವಾಗಲೂ ಬೆರಳಿಗೆ ಅದೇ ವಾಸನೆ.

ಮರುದಿನ ಬೆಳಿಗ್ಗೆ ರಜನಿ ಎಂದಿನಂತೆ ಬಸ್ಸಿನಲ್ಲಿ ಬಂದಳು. ಒಳಕೋಣೆಯ ಮೇಜಿನಲ್ಲಿ ಕೂತು ಹಾಡು ಗುನುಗುತ್ತ ಬಟ್ಟೆ ಬಿಡಿಸತೊಡಗಿದಳು. ಆಮೇಲೆ ಬಂದ ಶಿವಕುಮಾರ್ ಆ ಗುನುಗು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು.

“ಇವಳು ಇನ್ನೂ ಬಂದಿದಾಳಲ್ಲ? ನಿನ್ನೆ ಬಿಡ್ತೀನಿ ಅಂದ್ರಲ್ಲ ಅಕ್ಕ?”

“ಬಿಟ್ಟೆನಲ್ಲ. ಮನೆ ಬಾಗಿಲಿಗೇ ಬಿಟ್ಟೆ.”

“ಮನೆಗಲ್ಲ ಅಕ್ಕ.” ಅವರ ದನಿ ತಗ್ಗಿತು. “ಕೆಲಸದಿಂದ.”

ಫ್ಲಾವಿಯಾರ ಕೈಯಲ್ಲಿದ್ದ ಚಿಮಟ ಹಾಗೆಯೇ ನಿಂತಿತು. ನಿನ್ನೆಯ ಮಾತುಗಳು ಒಂದೊಂದಾಗಿ ಮಗ್ಗುಲು ಬದಲಿಸಿದವು. ಮೆತ್ತಗೆ ಬಿಡಿ. ಬಸುರಿ ಹೆಂಗಸು. ನಿಮ್ಮ ಉಪಕಾರ. ತನ್ನ ಬಾಯಿಂದಲೇ ಬಂದಿದ್ದ ‘ಅದಕ್ಕೆಂಥ, ಬಿಡ್ತೇನೆ’ ಎಂಬುದು ಈಗ ನಾಲಗೆಯ ಮೇಲೆ ಜಿಗುಟಾಗಿ ಅಂಟಿಕೊಂಡಿತು.

“ತೆಗೀಬೇಕು ಅಂತ ಹೇಳ್ಲಿಕ್ಕೆ ನಿಮಗೆ ಬಾಯಿ ಬರ್ಲಿಲ್ವ?”

“ತೆಗೆಯೋದು ಅಂದ್ರೆ ಕೇಳೋಕೇ ಕೆಟ್ಟದಾಗಿರತ್ತೆ ಅಕ್ಕ. ಟೀಮ್‌ನವರೂ ಬಿಟ್ರು ಅಂತಾನೇ ಅಲ್ವಾ ಹೇಳೋದು?” ಶಿವಕುಮಾರ್ ಪೆಟ್ಟಿಗೆಗಳನ್ನು ತೋರಿಸಿದರು. “ಇದೆಲ್ಲ ಡೆಡ್ ಮನಿ. ಹೊಸ ಹೆಸರಿನ ಮಾಲು ತರಿಸ್ಬೇಕು. ಇಬ್ಬರಿಗೂ ಫುಲ್ ಟೈಮ್ ಕೊಡೋಕೆ ನನ್ನ ಕ್ಯಾಪ್‌ನಲ್ಲಿ ಜಾಗ ಇಲ್ಲ. ನೀವು ವೆಟರನ್ನು, ಪಳಗಿದ ಕೈ. ನಿಮ್ಮನ್ನ ಉಳಿಸ್ಕೊಂಡಿದೀನಿ.”

“ಅವಳ ಇನ್ಶೂರೆನ್ಸು?”

“ತಿಂಗಳ ಕೊನೆವರೆಗೂ ಇರತ್ತೆ.”

“ಹೆರಿಗೆ ಜುಲೈಯಲ್ಲಿ.”

“ಗೊತ್ತು ಅಕ್ಕ. ಅದಕ್ಕೇ ತಾನೆ ನಿಮ್ಮನ್ನ ಕೇಳ್ಕೊಂಡಿದ್ದು. ನೀವು ಹಿರಿಯರು, ಹೆಂಗಸರು. ನಿಮ್ಮ ಬಾಯಲ್ಲಿ ಬಂದ್ರೆ ಅವಳಿಗೆ ಅಷ್ಟು ನೋವಾಗಲ್ಲ.”

ಒಳಕೋಣೆಯಲ್ಲಿ ಗುನುಗು ನಿಂತಿತ್ತೋ ಇಲ್ಲವೋ, ರೇಡಿಯೋದ ಗದ್ದಲದಲ್ಲಿ ತಿಳಿಯುವಂತಿರಲಿಲ್ಲ. ಫ್ಲಾವಿಯಾ ಹೋಗಿ ರೇಡಿಯೋ ಆರಿಸಿದರು. ವಾಪಸು ಬರುವಾಗ ಅವರ ಮುಖ ಕೊಳೆತದ್ದೇನನ್ನೋ ತುಳಿದವರ ಮುಖದಂತಿತ್ತು.

“ಇಬ್ಬರಲ್ಲಿ ಒಬ್ಬರು ಹೋದ್ರೆ ಸಾಕಾ ನಿಮಗೆ?”

“ಸಾಕು.”

“ಯಾರು ಹೋದ್ರೂ?”

ಶಿವಕುಮಾರ್ ಮತ್ತೆ ಅಂಗಿಯ ಗುಂಡಿ ತಿರುಗಿಸತೊಡಗಿದರು.

“ನನ್ನ ಸಂಬಳ ಅವಳದಕ್ಕಿಂತ ಹೆಚ್ಚು. ನನ್ನನ್ನು ತೆಗೆದ್ರೆ ನಿಮ್ಮ ಟೋಪಿಯಲ್ಲಿ ಜಾಗವೂ ಹೆಚ್ಚು. ನನಗೆ ಡಾಕ್ಟರಿಗೆ ಹೋಗ್ಲಿಕ್ಕೆ ಲಾಯ್ಡನ ಕಾರ್ಖಾನೆಯದ್ದು ಉಂಟು.”

“ಅಯ್ಯೋ ಏನಕ್ಕ ಇದು! ನಿಮ್ಮಂಥ ಕೈ ನನಗೆಲ್ಲಿ ಸಿಗತ್ತೆ? ನಾವೆಲ್ಲ ಒಂದೇ ಮನೆಯವರ ಥರ...”

“ಮನೆ ಅನ್ಬೇಡಿ. ನಮ್ಮ ಮನೆಯಲ್ಲಿ ಬಸುರಿಯನ್ನು ಹೊರಗೆ ಹಾಕ್ಲಿಕ್ಕೆ ಇನ್ನೊಬ್ಬ ಹೆಂಗಸನ್ನು ಕಳಿಸುದಿಲ್ಲ.” ಅವರು ಏಪ್ರನ್ ಬಿಚ್ಚಿ ಮಡಚಿದರು. ಬಟ್ಟೆ ಮಡಚಿ ಮಡಚಿ ರೂಢಿಯಾದ ಕೈ, ಅಂಚಿಗೆ ಅಂಚು ಸರಿಯಾಗಿ ಕೂಡಿತು. “ತೆಗೀತೇನೆ ಅಂತ ಹೇಳಿ. ನನಗೆ ಹೇಳಿ. ಬಿಡ್ತೇನೆ ಅಲ್ಲ.”

ಶಿವಕುಮಾರರ ತುಟಿ ಅಲುಗಿತು. ಆ ಅಲುಗುವ ತುಟಿಯನ್ನು ನೋಡಲಾಗದೆ ಫ್ಲಾವಿಯಾ ಮುಖ ತಿರುಗಿಸಿದರು.

ಅಷ್ಟರಲ್ಲಿ ರಜನಿ ಬಾಗಿಲಿಗೆ ಬಂದಳು. “ಏನಕ್ಕ, ರೇಡಿಯೋ ಯಾಕೆ ಆಫ್ ಮಾಡಿದ್ರಿ?”

“ಕಿವಿ ಕೊಳೀತಾ ಇತ್ತು. ಇವತ್ತಿಂದ ಈ ಮೇಜು ನಿನ್ನದು.”

“ನೀವು?”

“ನನಗೆ ಸಾಕಾಯ್ತು.”

“ಅಕ್ಕ, ನನಗೋಸ್ಕರ ಏನಾದ್ರೂ...”

“ಉಪಕಾರ ಅಂತ ತಿಳ್ಕೊಳ್ಬೇಡ. ಹೇಸಿಗೆ ಆಗ್ತಾ ಉಂಟು, ಅಷ್ಟೇ.” ಅವಳ ಕಣ್ಣು ತುಂಬುವ ಮುಂಚೆಯೇ ಫ್ಲಾವಿಯಾ ಕೈಚೀಲ ಎತ್ತಿಕೊಂಡು, ಕೆಲಸದ ದನಿಯಲ್ಲಿ ಹೇಳತೊಡಗಿದರು. “ಕೇಳು. ದೊಡ್ಡ ಪ್ರೆಸ್ಸಿಗೆ ಎಡಗಡೆ ಬಿಸಿ ಹೆಚ್ಚು. ಬಟ್ಟೆಯನ್ನು ಒಂದು ಬೆರಳು ಬಲಕ್ಕೆ ಹಾಸ್ಬೇಕು. ಅಕ್ಷರದ ಮೇಲಿನ ಹಾಳೆಯನ್ನು ಕೂಡ್ಲೇ ಎಳೀಬಾರ್ದು, ತಣ್ಣಗಾಗುವವರೆಗೆ ಕಾದು, ಮತ್ತೆ ಒಂದು ಮೂಲೆಯಿಂದ ನಿಧಾನ...” ಎನ್ನುತ್ತಲೇ, ಮಾತು ಮುಗಿಸದೆ, ಬಾಗಿಲು ತಳ್ಳಿಕೊಂಡು ಇನ್ನೂ ಹನಿಯುತ್ತಿದ್ದ ಮಳೆಗೆ ನಡೆದುಬಿಟ್ಟರು.